ಎಣ್ಣೆಪೆಟ್ಟಿಗೆಯ ಬಾಯಿ ಎಷ್ಟು ದೊಡ್ಡದು?

ಬೆಳಕು ಇನ್ನೂ ಕಿಟಕಿಯ ಅಂಚಿನಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹೊತ್ತು. ಸಿನಿಮಾ ಸ್ಟುಡಿಯೋದ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು ರೈಲಿನ ಗಾಲಿಗೆ ತುಕ್ಕು ಹಚ್ಚುತ್ತಿದ್ದಾರೆ. ಗಾಲಿ ಮರದ್ದು, ತುಕ್ಕು ಮಾತ್ರ ಅಪ್ಪಟ ಕಬ್ಬಿಣದ್ದು. ಲೇತ್ ಯಂತ್ರದ ಕೆಳಗೆ ಉದುರಿದ ಪುಡಿ, ಉಪ್ಪು, ವಿನೆಗರ್, ಒಂದಿಷ್ಟು ಗೋಂದು ಎಲ್ಲ ಸೇರಿ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆದಿವೆ. ಮುಚ್ಚಳ ತೆಗೆದರೆ ಕಥೆಯ ಮಾಟಗಾತಿಯ ಹಂಡೆಯಿಂದ ಎದ್ದಂಥ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ.

"ತುಕ್ಕು ಮೇಲಿಂದ ಬರಲ್ಲ, ಸಂದಿಯಿಂದ ಬರುತ್ತೆ," ಎನ್ನುತ್ತಾರೆ, ತಲೆ ಎತ್ತದೆ. "ನೀರು ಎಲ್ಲಿ ನಿಲ್ಲುತ್ತೋ ಅಲ್ಲಿ ಶುರು. ಹೊಸಬರು ಗೋಡೆಗೆ ಸುಣ್ಣ ಹೊಡೆದ ಹಾಗೆ ಎಲ್ಲಾ ಕಡೆ ಬಳಿದುಬಿಡ್ತಾರೆ. ಟ್ರೇನಿಗೆ ಸಿಡುಬು ಬಂದ ಹಾಗೆ ಕಾಣುತ್ತೆ."

ಶೆಡ್ಡಿನಲ್ಲಿ ಎಲ್ಲರಿಗೂ ಅವರು ತುಕ್ಕಕ್ಕ. ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನಿಂದ ಕುಂಚ ಹಿಡಿಯಲು ಕಲಿತವರು, ಮದುವೆಯಾದ ಮೇಲೆ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಕಳೆದಿದೆ. ಯುದ್ಧದ ಸಿನಿಮಾಗಳೆಂದರೆ ಇವರದೇ ಕೆಲಸ. ಅದರಲ್ಲೂ ಪರದೇಶದ ಸೈನ್ಯ ಊರನ್ನು ಆಕ್ರಮಿಸಿಕೊಂಡಿರುವಾಗ ಊರಿನವರು ಗುಟ್ಟಾಗಿ ಹಳಿ ಕೀಳುವ, ಸೇತುವೆ ಉರುಳಿಸುವ ಕಥೆಗಳು. ಹಳಿ, ಬೋಲ್ಟು, ಸ್ಪ್ಯಾನರ್, ಬಾಂಬು, ಬಾಂಬಿಟ್ಟ ಸೂಟ್‌ಕೇಸು, ಎಲ್ಲವೂ ಈ ಶೆಡ್ಡಿನಿಂದಲೇ ಹೊರಡುತ್ತವೆ. ವಿನೆಗರಿಗೆ ಬೆರಳ ತುದಿ ಸೀಳುತ್ತದೆ, ಚಳಿಗಾಲದಲ್ಲಿ ಕಬ್ಬಿಣದ ಪುಡಿಗೆ ಕೆಮ್ಮು ಹತ್ತುತ್ತದೆ. ಪರದೆಯ ಮೇಲೆ ಹೆಸರು ಬರುತ್ತದೆಯೇ ಎಂದು ಕೇಳಿದರೆ ನಗುತ್ತಾರೆ. "ಬರುತ್ತೆ, ಕೊನೇಲಿ. ಅಷ್ಟೊತ್ತಿಗೆ ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕ್ತಿರ್ತಾರೆ."

ಹೊರಗಿನವರು ಮೆಚ್ಚಲಿ ಬಿಡಲಿ, ಅಕ್ಕನಿಗೆ ಮನೆಯಲ್ಲೇ ಒಬ್ಬ ವಿಮರ್ಶಕಿ ಇದ್ದಾರೆ. ಅವರ ಅತ್ತೆ. ವಯಸ್ಸು ತೊಂಬತ್ತರ ಹತ್ತಿರ. ಕಿವಿ ಮಂದ, ನಾಲಗೆ ಚುರುಕು. ಸೊಸೆಯ ಮೊದಲ ಯುದ್ಧದ ಸಿನಿಮಾ ಟೀವಿಯಲ್ಲಿ ಬಂದ ದಿನ ಅರ್ಧಕ್ಕೇ ಎದ್ದು "ಎಲ್ಲಾ ಸುಳ್ಳು" ಎಂದು ಒಳಗೆ ಹೋದವರು, ಆಮೇಲೆ ಒಂದನ್ನೂ ಪೂರ್ತಿ ನೋಡಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಅಕ್ಕ ಕೊಡವಿಕೊಂಡು ಬಿಡುತ್ತಿದ್ದರು. ಆದರೆ ಅತ್ತೆ ಒಂಬತ್ತು ವರ್ಷದವರಿದ್ದಾಗ ಆ ಕೆಲಸವನ್ನು ಸ್ವತಃ ಮಾಡಿದವರು.

ಆಗ ಊರಿನ ಗೂಡ್ಸ್ ಯಾರ್ಡು ಪರದೇಶದ ಸೈನ್ಯದ ಕೈಯಲ್ಲಿತ್ತು. ಅತ್ತೆಯ ಅಣ್ಣ ಅಲ್ಲಿ ಮೂಟೆ ಹೊರುತ್ತಿದ್ದ. ದೊಡ್ಡವರನ್ನು ಗೇಟಿನಲ್ಲಿ ಬೂಟಿನ ಅಟ್ಟೆಯವರೆಗೂ ತಡಕುತ್ತಿದ್ದರು. ವ್ಯಾಗನ್ನುಗಳ ಅಡಿಯಲ್ಲಿ ಬಿದ್ದ ಕಲ್ಲಿದ್ದಲು ಆರಿಸುವ ಮಕ್ಕಳನ್ನು ಮಾತ್ರ ಗದರಿಸಿ ಸುಮ್ಮನಾಗುತ್ತಿದ್ದರು. ಪ್ರತಿ ಗಾಲಿಯ ಪಕ್ಕದಲ್ಲೂ ಅದರ ಅಚ್ಚಿಗೆ ಎಣ್ಣೆಯುಣಿಸುವ ಒಂದು ಎಣ್ಣೆಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಳಗೆ ಎಣ್ಣೆಯಲ್ಲಿ ತೊಯ್ದ ಹತ್ತಿ ಚಿಂದಿ. ಗ್ರೀಸಿನಲ್ಲಿ ಮಸೆಗಲ್ಲಿನ ಪುಡಿ ಕಲೆಸಿ ಅದರೊಳಗೆ ತುರುಕಿದರೆ ಮುಗಿಯಿತು. ರೈಲು ಎಂದಿನಂತೆ ಹೊರಡುತ್ತದೆ, ಎಲ್ಲೋ ದೂರದಲ್ಲಿ ಗಾಲಿಯ ಅಚ್ಚು ಕಾದು ಕಚ್ಚಿಕೊಂಡು ನಿಲ್ಲುತ್ತದೆ. ಸದ್ದಿಲ್ಲ, ಬೆಂಕಿಯಿಲ್ಲ. ಯಾವ ಸ್ಟೇಷನ್ನಿನಲ್ಲಿ ಯಾರು ಕೈಯಾಡಿಸಿದರೆಂದು ಹುಡುಕುವುದೂ ಕಷ್ಟ.

"ಸಿನಿಮಾದಲ್ಲಿ ಯಾವಾಗ್ಲೂ ರಾತ್ರಿ, ಮೇಲೊಂದು ಚಂದ್ರ," ಎನ್ನುತ್ತಾರೆ ಅತ್ತೆ. "ರಾತ್ರಿ ಕಾವಲು ಜಾಸ್ತಿ ಕಣಮ್ಮ. ನಾವು ಮಾಡಿದ್ದು ಮಟಮಟ ಮಧ್ಯಾಹ್ನ, ಅವರು ಊಟಕ್ಕೆ ಕೂತಾಗ. ಮುಖಕ್ಕೆ ಮಸಿ ಬಳ್ಕೊಂಡು ಕಳ್ಳಹೆಜ್ಜೆ ಇಟ್ಟಿದ್ರೆ ನಾಯಿ ಕೂಡ ಬೊಗಳ್ತಿತ್ತು."

ಅತ್ತೆಯ ಕಥೆಗೊಂದು ತಿರುಳಿದೆ, ಮಕ್ಕಳು ಮೊಮ್ಮಕ್ಕಳಿಗೆಲ್ಲ ಬಾಯಿಪಾಠವಾದದ್ದು. ಎಣ್ಣೆಪೆಟ್ಟಿಗೆಯ ಬಾಯಿ ತೀರಾ ಚಿಕ್ಕದು, ದೊಡ್ಡವರ ಕೈ ಹಿಡಿಯದು, ಇಡೀ ಊರಿನಲ್ಲಿ ಹಿಡಿದದ್ದು ಅತ್ತೆಯ ಕೈಯೊಂದೇ. ಹೀಗೆನ್ನುವಾಗ ಅವರು ಈಗಲೂ ಬಲಗೈಯನ್ನು ಮೊಗ್ಗಿನಂತೆ ಮುಚ್ಚಿ ತೋರಿಸುತ್ತಾರೆ.

ಕಳೆದ ವರ್ಷ ಈ ಕಥೆ ಅಕ್ಕನ ಬಾಯಿಂದ ಯುವ ನಿರ್ದೇಶಕನೊಬ್ಬನ ಕಿವಿಗೆ ಬಿತ್ತು. ಅವನು ಅತ್ತೆಯ ಮುಂದೆ ಎರಡು ಮಧ್ಯಾಹ್ನ ಕುಳಿತು ಕೇಳಿಸಿಕೊಂಡು ಅದನ್ನೇ ಸಿನಿಮಾ ಮಾಡಲು ಹೊರಟ. ಕಿರಿದಾದ ಕಬ್ಬಿಣದ ಬಾಯಿ, ಅದರೊಳಗೆ ನುಸುಳುವ ಪುಟ್ಟ ಕೈ, ಅದೇ ಅವನ ಸಿನಿಮಾದ ಪ್ರಾಣ. ಅತ್ತೆಯೂ ಒಂದು ಮಾತು ಕೊಟ್ಟರು: "ಸರಿಯಾಗಿ ಮಾಡಿದ್ರೆ ನಾನೇ ಬಂದು ನೋಡ್ತೀನಿ."

ಅಕ್ಕ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಬಾಲನಟಿಯ ಕೈಯನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಅದರ ಅಳತೆಗೆ ಸರಿಯಾಗಿ ಬಾಯಿ ಕೊರೆದು ಪೆಟ್ಟಿಗೆ ಮಾಡಿದರು. ಅದನ್ನು ನೋಡಿದ ಕೂಡಲೇ ಚಿತ್ರತಂಡಕ್ಕೆ ಸಲಹೆ ಕೊಡುತ್ತಿದ್ದ ಇತಿಹಾಸದ ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು. ಆ ಕಾಲದ ಪೆಟ್ಟಿಗೆಯ ಬಾಯಿ ಇದಕ್ಕಿಂತ ಬಹಳ ದೊಡ್ಡದು, ಚಿಂದಿ ಬದಲಾಯಿಸಲು ಕೆಲಸಗಾರನ ಕೈ ಒಳಗೆ ಹೋಗಲೇಬೇಕಿತ್ತಲ್ಲ ಎಂದರು.

"ಹಾಗಾದ್ರೆ ನಮ್ಮತ್ತೆ ಸುಳ್ಳು ಹೇಳ್ತಾರಾ?" ಅಕ್ಕ ಕೇಳಿಯೇಬಿಟ್ಟರು.

"ನಾನು ಹಾಗಂದ್ನೇನಮ್ಮ?" ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಪೆಟ್ಟಿಗೆ ವಿಷಯ ಹೇಳಿದೆ. ಅತ್ತೆ ವಿಷಯ ನಿಮಗೆ ಬಿಟ್ಟಿದ್ದು."

ಮೇಷ್ಟ್ರ ಮುಖಕ್ಕೆ ಹಿಡಿಯಲೆಂದೇ ಅಕ್ಕ ಹಳೆಯ ರೈಲುಸಾಮಾನಿನ ಗುಜರಿಗೆ ಹೋದರು. ಮುರಿದ ವ್ಯಾಗನ್ನುಗಳ ನಡುವೆ ಆ ಕಾಲದ ಎಣ್ಣೆಪೆಟ್ಟಿಗೆಯೊಂದು ಸಿಕ್ಕಿತು. ಮುಚ್ಚಳ ಎತ್ತಿ ಕೈ ಹಾಕಿದರು. ದಪ್ಪ ಚರ್ಮದ ಕೈಗವಸಿನ ಸಮೇತ ಮಣಿಕಟ್ಟು ದಾಟಿ ಸಲೀಸಾಗಿ ಒಳಗೆ ಹೋಯಿತು. "ಅಲ್ಲೇ ಕುಕ್ಕರುಬಡಿದೆ," ಎನ್ನುತ್ತಾರೆ. "ಪಕ್ಕದ ಗಾಲಿದು ನೋಡಿದೆ, ಅದೂ ಅಷ್ಟೇ. ಗುಜರಿಯವನು 'ಏನಕ್ಕಾ, ಉಂಗುರ ಬಿದ್ದೋಯ್ತಾ?' ಅಂದ."

ನಿರ್ದೇಶಕನಿಗೆ ಹೇಳಿದರೆ ಅವನು ಕೈಮುಗಿದ. "ಚಿಕ್ಕದೇ ಇರಲಿ ಅಕ್ಕಾ. ಅಜ್ಜಿಗೂ ಖುಷಿ, ನನಗೂ ಖುಷಿ. ಅಳತೆಪಟ್ಟಿ ಹಿಡ್ಕೊಂಡು ಸಿನಿಮಾ ನೋಡೋರು ಯಾರಿದ್ದಾರೆ?" ಅವನ ಮಾತೂ ತಪ್ಪಲ್ಲ. ಆದರೆ ಸುಳ್ಳನ್ನು ಒಪ್ಪದ ಅತ್ತೆಯ ಕಣ್ಣಿಗೆ ಅತ್ತೆಯ ಹೆಸರಿನಲ್ಲೇ ಸುಳ್ಳು ತೋರಿಸುವುದು ಅಕ್ಕನಿಗೆ ಗಂಟಲಲ್ಲಿ ಇಳಿಯಲಿಲ್ಲ. ನಿಜ ಹೇಳಿದರೆ ಆ ಮುದಿಜೀವದ ಜೀವಮಾನದ ಹೆಮ್ಮೆಯನ್ನೇ ಕಿತ್ತುಕೊಂಡಂತೆ. ವಾರವಿಡೀ ತುಕ್ಕು ಕೆಟ್ಟಿತು. ಎಲ್ಲಿಗೆ ಹಚ್ಚಬೇಕೋ ಅಲ್ಲಿ ಬಿಟ್ಟು ಇನ್ನೆಲ್ಲೋ ಹಚ್ಚಿದರು.

ಕೊನೆಗೆ ಒಂದು ಭಾನುವಾರ ಗುಜರಿಯಿಂದ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಅಡುಗೆಮನೆಯ ನೆಲದ ಮೇಲೆ ಇಟ್ಟರು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

"ಏನೇ ಇದು, ಮನೆನೂ ಗುಜರಿ ಮಾಡ್ತೀಯಾ?"

"ನಿಮ್ಮ ಕಾಲದ್ದು ಅತ್ತೆ. ನೋಡಿ."

ಅತ್ತೆ ಬಟಾಣಿ ಬದಿಗಿಟ್ಟರು. ಹೆಬ್ಬೆರಳಿನಿಂದ ಮುಚ್ಚಳದ ಮೂಲೆಯೊಂದನ್ನು ಒತ್ತಿ ಮೇಲಕ್ಕೆ ಚಿಮ್ಮಿಸಿದರು. ಆ ಮುಚ್ಚಳ ತೆಗೆಯಲು ಗುಜರಿಯಲ್ಲಿ ಅಕ್ಕನಿಗೆ ಸುತ್ತಿಗೆ ಬೇಕಾಗಿತ್ತು. ಅತ್ತೆ ಈ ಕೆಲಸ ಮಾಡಿದವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡವೆಂದು ಅಕ್ಕನಿಗೆ ಆ ಕ್ಷಣವೇ ಅನ್ನಿಸಿತು. ಅತ್ತೆಯ ಕೈ ಒಳಗೆ ಹೋಯಿತು. ಸುತ್ತಲೂ ಬೇಕಾದಷ್ಟು ಜಾಗ. ಅವರು ಕೈ ಹೊರತೆಗೆದು, ನೋಡಿ, ಮತ್ತೆ ಹಾಕಿದರು.

"ನಿನ್ ಕೈ ಹಾಕು."

ಅಕ್ಕ ಹಾಕಿದರು.

"ನಿನ್ನ ಗಂಡನ್ನ ಕರಿ."

ಬಸ್ ಡ್ರೈವರಾದ ಮಗ ಬಂದ. ಮೊರದಗಲದ ಕೈ. ಅದೂ ಹೋಯಿತು. "ಯಾಕಮ್ಮ, ಏನ್ ಹುಡುಕ್ಬೇಕು?" ಎಂದು ಒಳಗೆ ತಡಕಾಡತೊಡಗಿದ. "ಏನಿಲ್ಲ, ತೆಗಿ ಆಚೆ," ಎಂದು ಅತ್ತೆ ಗದರಿಸಿದರು.

ಅತ್ತೆ ಮುಚ್ಚಳ ಮುಚ್ಚಿದರು. ಆಮೇಲೆ ಪೆಟ್ಟಿಗೆಯನ್ನೇ ನೋಡುತ್ತ ಹೇಳಿದರು: "ಬಾಯಿ ಒಳಗೆ ನಾನು ಯಾವತ್ತೂ ನೋಡಿರ್ಲಿಲ್ಲ ಕಣೇ. ಕಣ್ಣು ಕಾವಲಿನವರ ಕಡೆ ಇರ್ತಿತ್ತು. ಚಿಕ್ಕದು ಅಂತ ಅಣ್ಣ ಹೇಳಿದ್ದ. 'ನಿನ್ ಕೈ ಮಾತ್ರ ಹಿಡಿಯೋದು ಪುಟ್ಟಿ, ಬೇರೆ ಯಾರಿಂದಲೂ ಆಗಲ್ಲ' ಅಂದಿದ್ದ."

"ಯಾಕೆ ಹಾಗಂದ್ರು?"

"ಇನ್ನೇನಂತಾನೆ? ದೊಡ್ಡೋರ ಮೇಲೆ ಅನುಮಾನ, ಮಗು ಮೇಲೆ ಇಲ್ಲ, ಅದಕ್ಕೆ ನಿನ್ನ ಕಳಿಸ್ತೀವಿ ಅಂದ್ರೆ, ಸಿಕ್ಕಿಬಿದ್ರೆ ಏನ್ಮಾಡ್ತಾರೆ ಅಂತ ಕೇಳ್ತಿದ್ದೆ. ಕೈ ಅಂದ. ನಾನು ಉಬ್ಬಿ ಹೋದೆ." ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು. "ಕಳ್ಳ ನನ್ಮಗ."

ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಜಗಳವಾಡಲು ಫೋಟೋ ಒಂದೇ ಉಳಿದಿರುವುದು. ಅದು ಎರಡು ದಿನ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಮೂರನೆಯ ದಿನ ಅತ್ತೆಯೇ ತಿರುಗಿಸಿ, ಧೂಳು ಒರೆಸಿ, ಸೊಸೆಯನ್ನು ಕೂಗಿದರು. "ಆ ಹುಡುಗನಿಗೆ ಹೇಳು. ದೊಡ್ಡ ಬಾಯೇ ಮಾಡ್ಲಿ. ಅಣ್ಣ ಅಂದಿದ್ದನ್ನೂ ಹಾಕ್ಲಿ. ನನ್ನ ಕಳಿಸೋಕೆ ಅವನಿಗೂ ಮನಸ್ಸಿರ್ಲಿಲ್ಲ, ಪಾಪ. ಅದಕ್ಕೇ ಅಷ್ಟು ಚೆನ್ನಾಗಿ ಹೇಳಿದ್ದ."

ನಿರ್ದೇಶಕ ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಆ ದೃಶ್ಯವನ್ನು ಹೊಸದಾಗಿ ಬರೆದು ತಂದ. ಪ್ಲಾಸ್ಟರಿನ ಪುಟ್ಟ ಕೈ ಅಟ್ಟ ಸೇರಿತು. ಅಕ್ಕ ನಿಜವಾದ ಪೆಟ್ಟಿಗೆಯಿಂದ ಅಚ್ಚು ತೆಗೆದು ಮರದಲ್ಲಿ ಮಾಡಿ, ಮುಚ್ಚಳವನ್ನು ಮಾತ್ರ ಕಬ್ಬಿಣದಲ್ಲೇ ಉಳಿಸಿದರು. "ಸದ್ದು ಸುಳ್ಳಾಗ್ಬಾರ್ದು ನೋಡಿ," ಎನ್ನುತ್ತಾರೆ. ಮೇಷ್ಟ್ರಿಗೆ ಹೋಗಿ ತಪ್ಪಾಯಿತು ಎಂದೂ ಹೇಳಿ ಬಂದರಂತೆ. ಅವರು ಅತ್ತೆಯನ್ನು ಒಮ್ಮೆ ನೋಡಬೇಕೆಂದರಂತೆ.

ಚಿತ್ರೀಕರಣದ ದಿನ ಅತ್ತೆ ಬಂದರು, ಮಗನ ತೋಳು ಹಿಡಿದು, ಮಟಮಟ ಮಧ್ಯಾಹ್ನ. ಮೊದಲು ವ್ಯಾಗನ್ನಿನ ಸುತ್ತ ಒಂದು ಸುತ್ತು ನಡೆದರು. ಪ್ಲೈವುಡ್ಡಿನ ಗೋಡೆಗೆ ಬೆರಳಿನಿಂದ ಬಡಿದು "ಹ್ಞೂಂ" ಎಂದರು. ಕುರ್ಚಿಯಲ್ಲಿ ಕುಳಿತರು. ಕ್ಯಾಮೆರಾ ಓಡಿತು. ಅಣ್ಣನ ಪಾತ್ರದ ಹುಡುಗ ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಹೇಳಿದ: "ನಿನ್ ಕೈ ಮಾತ್ರ ಹಿಡಿಯೋದು ಪುಟ್ಟಿ."

"ಸುಳ್ಳ!" ಅತ್ತೆಯ ದನಿ ಸ್ಟುಡಿಯೋದ ಮೂಲೆಮೂಲೆಗೂ ಕೇಳಿಸಿತು.

ಶಾಟ್ ಹಾಳಾಯಿತು. ಎಲ್ಲರೂ ನಗುತ್ತಿದ್ದರು, ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡನೆಯ ಸಲ ತಾವೇ ಬಾಯಿಗೆ ಸೆರಗು ಒತ್ತಿಕೊಂಡು ಕೊನೆಯವರೆಗೂ ನೋಡಿದರು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಗಾಲಿಯ ಒಂದು ಸುತ್ತು ಮುಗಿದಿದೆ. ಅಕ್ಕ ಕುಂಚ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡುತ್ತಾರೆ. ಈ ಕೆಲಸದಲ್ಲಿ ಇನ್ನೇನು ಆಸೆಯಿದೆ ಎಂದರೆ ಸ್ವಲ್ಪ ಯೋಚಿಸಿ, ಏನೂ ಇಲ್ಲವೆಂದು ಕೈಯಾಡಿಸುತ್ತಾರೆ.

"ಇಷ್ಟು ವರ್ಷ ನಾನು ಮಾಡಿದ್ದಕ್ಕೆಲ್ಲ ಅತ್ತೆ ಸುಳ್ಳು ಅಂತಿದ್ರು. ಅವತ್ತು ಬೈದಿದ್ದು ಅವರಣ್ಣನ್ನ," ಎನ್ನುತ್ತಾರೆ ತುಕ್ಕಕ್ಕ. "ನನ್ನ ಪೆಟ್ಟಿಗೆಗೆ ಒಂದು ಮಾತೂ ಅನ್ಲಿಲ್ಲ."