ಸದ್ದಿಲ್ಲದ ಫ್ಯಾನು

ನಮ್ಮ ಮನೆಯ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನು ಸದ್ದು ಮಾಡುವುದಿಲ್ಲ. ಇಷ್ಟು ಹೇಳಿ ಮೀಸೆ ತಿರುವಿಕೊಂಡು ಸುಮ್ಮನಿರಬಹುದಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ, ಲಿಫ್ಟು ಕೂಡ ಎರಡು ಸಲ ಕೆಮ್ಮದೆ ಮೇಲೇರದ ಕಡೆ, ಸದ್ದಿಲ್ಲದ ಯಂತ್ರವೊಂದನ್ನು ಹುಡುಕಿ ತಂದು ಕೂರಿಸುವುದೇನು ಸಣ್ಣ ಕೆಲಸವೇ? ಆದರೆ ಆ ಫ್ಯಾನು ಬಂದ ಮೇಲೆ ನನ್ನ ಸೊಸೆ ನೀರು ಕುಡಿಯುವುದನ್ನು ಬಿಟ್ಟಳು, ಕಾಯಿಲೆಯನ್ನೂ ತಂದುಕೊಂಡಳು. ಫ್ಯಾನಿಗೂ ನೀರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿ ಹೆಂಡತಿಯಿಂದ ಬೈಸಿಕೊಂಡವನು.

ನಾನು ಮೂವತ್ತನಾಲ್ಕು ವರ್ಷ ಠಾಣೆಯ ಮಾಜಿವಾಡಾದ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರನಾಗಿದ್ದೆ. ಬೆಳಗಿನ ಲೋಕಲ್ ಹಿಡಿದು ಹೋದರೆ ಮನೆ ಸೇರುವಾಗ ಎಲ್ಲರೂ ಮಲಗಿರುತ್ತಿದ್ದರು. ಹೀಗಾಗಿ ನನಗೆ ಹೋಟೆಲಿನ ಸದ್ದುಗಳೆಲ್ಲ ಗೊತ್ತು, ಮನೆಯದು ಒಂದೂ ಗೊತ್ತಿರಲಿಲ್ಲ. ದುಡ್ಡಿನ ಗಲ್ಲೆಯ ಮೇಲೆ ಕೂತೇ ಗ್ರೈಂಡರಿನಲ್ಲಿ ಅಕ್ಕಿ ನುಣ್ಣಗಾಯಿತೋ ಇಲ್ಲವೋ ಎಂದು ಕಿವಿಯಿಂದ ಹೇಳುತ್ತಿದ್ದೆ. ಕಳೆದ ವರ್ಷ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ನಮ್ಮ ಒಂದು ಬೆಡ್‌ರೂಮಿನ ಮನೆಗೆ ಒಂದು ಹಾಲ್ ಇದೆ, ಹಾಲಿಗೆ ಬಾಲ್ಕನಿಯಿಂದ ಗಾಳಿ ಬರುತ್ತದೆ, ಆ ಗಾಳಿ ಬಂದು ತಗಲುವ ಒಂದೇ ಒಂದು ಜಾಗವಿದೆ ಎಂಬುದನ್ನೆಲ್ಲ ಕಂಡುಹಿಡಿದೆ. ಆ ಜಾಗದಲ್ಲಿ ನನ್ನ ಕುರ್ಚಿ ಹಾಕಿಕೊಂಡೆ. ಅದು ಸ್ನಾನಕ್ಕೂ ಉಳಿದದ್ದಕ್ಕೂ ಮನೆಗಿರುವ ಒಂದೇ ಬಾತ್‌ರೂಮಿನ ಬಾಗಿಲಿನಿಂದ ನಾಲ್ಕು ಅಡಿ ದೂರ.

ಅದೇ ಹೊತ್ತಿಗೆ ಮಗ ಪ್ರಸಾದನ ಮದುವೆಯೂ ಆಯಿತು. ಅವನಿಗೆ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಆಫೀಸು ಕೆಲಸ, ಬೆಳಿಗ್ಗೆ ಏಳಕ್ಕೆಲ್ಲ ಹೊರಟುಬಿಡುತ್ತಾನೆ. ಸೊಸೆ ರಮ್ಯಾ ಹಿರಿಯಡ್ಕದ ಕಡೆಯವಳು. ಬೆಡ್‌ರೂಮಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಮಾತು ಕಡಿಮೆ, ನಗು ಜಾಸ್ತಿ. ಹೀಗೆ ದಿನವಿಡೀ ಮನೆಯಲ್ಲಿ ನಾವು ಮೂವರು: ಅಡುಗೆಮನೆಯಲ್ಲಿ ನನ್ನ ಹೆಂಡತಿ ವಾರಿಜಾ, ಕೋಣೆಯಲ್ಲಿ ಸೊಸೆ, ಕುರ್ಚಿಯಲ್ಲಿ ನಾನು.

ನಾಲ್ಕನೆಯದು ಆಗ ಇದ್ದ ಹಳೆಯ ಫ್ಯಾನು. ಬಾತ್‌ರೂಮಿನ ಲೈಟಿಗೂ ಅದಕ್ಕೂ ಒಂದೇ ಸ್ವಿಚ್ಚು. ಯಾರು ಒಳಗೆ ಹೋದರೂ ಮೊದಲು ಘರ್ರೆಂದು ಎದ್ದು, ಆಮೇಲೆ ಕಟಕಟ ಹಲ್ಲು ಕಡಿದು, ಆರಿಸಿದ ಮೇಲೂ ಕಾಲು ನಿಮಿಷ ಗೊಣಗುತ್ತಿತ್ತು. ಪತ್ರಿಕೆಯ ಒಂದು ಸಂಪಾದಕೀಯವನ್ನು ನಾನು ನಾಲ್ಕು ಕಂತಿನಲ್ಲಿ ಓದಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಗದ್ದಲದಲ್ಲಿ ದುಡಿದವನಿಗೆ ಮುಪ್ಪಿನಲ್ಲಾದರೂ ನಿಶ್ಶಬ್ದ ಬೇಡವೇ ಎಂದು ನನಗೆ ನನ್ನ ಮೇಲೇ ಕನಿಕರ ಬಂತು. ಹೊಸ ಫ್ಯಾನು ತರುವ ಘೋಷಣೆ ಮಾಡಿದೆ. “ಹಳೇದೇ ಇರ್ಲಿ ಮಾವ, ನಮಗೆಂತ ತೊಂದ್ರೆ ಇಲ್ಲ” ಎಂದಳು ರಮ್ಯಾ. ಎಷ್ಟು ಒಳ್ಳೆಯ ಹುಡುಗಿ, ಮಾವನಿಗೆ ಖರ್ಚು ಬೇಡವೆನ್ನುತ್ತಾಳೆ ಎಂದುಕೊಂಡೆ.

ಮೊದಲು ಡೊಂಬಿವಲಿ ಸ್ಟೇಷನ್ನಿನ ಎದುರಿನ ಅಂಗಡಿಗೆ ಹೋದೆ. ಅಂಗಡಿಯವನು ಆರು ಫ್ಯಾನು ಹಚ್ಚಿ ತೋರಿಸಿದ. ಆರೂ ನಿಶ್ಶಬ್ದ. ಒಂದನ್ನು ಆರಿಸಿ ಮನೆಗೆ ತಂದು ಪ್ಲಗ್ಗಿಗೆ ಹಾಕಿದರೆ ಹಿಟ್ಟಿನ ಗಿರಣಿ! ವಾಪಸು ಕೊಡಲು ಹೋದಾಗ ವಿಷಯ ಹೊಳೆಯಿತು. ಅಂಗಡಿಯ ಎದುರು ರಿಕ್ಷಾಗಳ ಹಾರ್ನು, ಪಕ್ಕದಲ್ಲಿ ಮೊಬೈಲ್ ಕವರು ಮಾರುವವನ ಕೂಗು, ಎಲ್ಲದರ ಮೇಲೆ ಕಲ್ಯಾಣ್ ಲೋಕಲ್ ಬರುತ್ತಿದೆ ಎಂಬ ಘೋಷಣೆ. ಅಲ್ಲಿ ಹುಲಿಯನ್ನು ಕಟ್ಟಿಹಾಕಿದರೂ ಸದ್ದಿಲ್ಲದ ಪ್ರಾಣಿ ಎಂದು ಮಾರಬಹುದು. ಆಮೇಲೆ ಠಾಣೆಯಲ್ಲಿ, ಕಲ್ಯಾಣದಲ್ಲಿ ಎಲ್ಲಿ ಹೋದರೂ “ಹಿಂದಿನ ಗೋದಾಮಿಗೆ ಕರೆದುಕೊಂಡು ಹೋಗಿ ತೋರಿಸಿ” ಎಂದು ಹಟ ಹಿಡಿದೆ. ಸಾಂಬಾರು ರುಚಿ ನೋಡುವವನ ಗಾಂಭೀರ್ಯದಿಂದ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅಂಗಡಿಯವರು ನನ್ನನ್ನು ಏನೆಂದುಕೊಂಡರೋ.

ಪೆಟ್ಟಿಗೆಗಳ ಮೇಲೆ ಡೆಸಿಬೆಲ್ ಎಂಬ ಅಂಕೆ ಇರುತ್ತದೆ. ಮೂವತ್ತಕ್ಕೂ ನಲವತ್ತಕ್ಕೂ ಹತ್ತರ ವ್ಯತ್ಯಾಸ ತಾನೆ, ಎರಡು ಇಡ್ಲಿ ಹೆಚ್ಚು ಕಡಿಮೆ ಎಂಬಷ್ಟೇ ಎಂದು ನನ್ನ ಲೆಕ್ಕ. ಹಾಗಲ್ಲ ಎಂದು ವಿವರಿಸಿದವಳು ರಮ್ಯಾ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ನಮ್ಮ ಕಿವಿ ಪಿಸುಮಾತನ್ನೂ ಗುಡುಗನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಲ್ಲ, ಅದಕ್ಕೇ ಈ ವಿಚಿತ್ರ ಲೆಕ್ಕವಂತೆ. ನನಗೆ ಬಹಳ ಸಂತೋಷವಾಯಿತು. ಅವಳದೇ ಲೆಕ್ಕ ಹಿಡಿದುಕೊಂಡು ಕಲ್ಯಾಣದಲ್ಲಿ ಎಲ್ಲಕ್ಕಿಂತ ಕಡಿಮೆ ಡೆಸಿಬೆಲ್ಲಿನ, ಬಾಲ್ ಬೇರಿಂಗಿನ ಫ್ಯಾನು ಆರಿಸಿದೆ.

ಕೂರಿಸಲು ಬಂದವನು ಮಲ್ಲಪ್ಪ. ವಿಜಯಪುರದ ಕಡೆಯವನು, ಟಿಟ್ವಾಳಾದಲ್ಲಿ ಮನೆ. ಫ್ಯಾನಿಗೂ ಗೋಡೆಗೂ ನಡುವೆ ರಬ್ಬರಿನ ತುಂಡು ಇಟ್ಟ, ನಡುಕ ಗೋಡೆಗೆ ಹತ್ತಬಾರದೆಂದು. ಮುಖ ಯಾವುದು, ಬೆನ್ನು ಯಾವುದು ಎಂದು ಎರಡು ಸಲ ನೋಡಿದ. ಉಲ್ಟಾ ಕೂರಿಸಿದರೆ ಹೊರಗಿನ ಪೈಪುಗಳ ಡಕ್ಟಿನ ವಾಸನೆಯೆಲ್ಲ ಮನೆಯೊಳಗೆ ಬರುತ್ತದಂತೆ. ಕೊನೆಗೆ ಬಾಗಿಲಿನ ಬುಡ ನೋಡಿ ತಲೆಯಾಡಿಸಿದ. “ಸಾಹೇಬ್ರ, ಗಾಳಿ ಹೊರಗ ಹೋಗಬೇಕಂದ್ರ ಒಳಗ ಬರಾಕ ದಾರಿ ಬೇಕ್ರಿ. ಬಾಗಿಲದ ತಳಾ ಒಂದ್ ಬೆರಳಷ್ಟು ಕೊಯ್ಯಬೇಕಾಗತೈತಿ.”

“ಕೊಯ್ಯಿ” ಎಂದೆ.

“ಮನಿಯಾಗ ಹೆಣ್ಮಕ್ಕಳನ್ನ ಒಂದ್ ಮಾತ ಕೇಳ್ರಲ್ಲ. ಕೆಲವರು ಆವಾಜ್ ಇದ್ದದ್ದ ಬೇಕಂತಾರ.”

“ಆವಾಜು ಯಾರಿಗೆ ಬೇಕು ಮಾರಾಯ? ಕೊಯ್ಯಿ” ಎಂದೆ. ಕೊಯ್ದ. ಬಾಗಿಲು ಮುಚ್ಚಿ, ಸಂದಿಯ ಹತ್ತಿರ ಅಗರಬತ್ತಿ ಹಿಡಿದ. ಹೊಗೆ ಒಂದೆಳೆಯೂ ಚದುರದೆ ಒಳಗೆ ಹೋಯಿತು. ಸದ್ದು ಮಾತ್ರ ಇಲ್ಲ. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನೇ ಸ್ಟೂಲು ಹತ್ತಿ ಕೈಯೊಡ್ಡಿ ನೋಡಬೇಕಾಯಿತು. ಹಳೆಯದನ್ನು ಗುಜರಿಯವನು ಅಂದೇ ಕೊಂಡುಹೋದ. ಮರುದಿನ ಸಂಪಾದಕೀಯವನ್ನು ಒಂದೇ ಉಸಿರಿನಲ್ಲಿ ಓದಿದೆ.

ಮೂರು ವಾರ ಕಳೆದ ಮೇಲೆ ರಮ್ಯಾಳಿಗೆ ಜ್ವರ ಬಂತು, ಹೊಟ್ಟೆನೋವು ಬಂತು. ಅತ್ತೆ ಸೊಸೆ ಇಬ್ಬರೂ ಹತ್ತಿರದ ಲೇಡಿ ಡಾಕ್ಟರರ ಬಳಿ ಹೋಗಿ ಬಂದರು. ಉರಿಮೂತ್ರದ ಸೋಂಕು, ನೀರು ಕುಡಿಯದೆ, ತಡೆದು ತಡೆದು ಇಟ್ಟುಕೊಂಡದ್ದರಿಂದ ಬಂದದ್ದು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಎಂದರಂತೆ. ಆಗ ನನಗೆ ಹೇಳಿದ್ದು ಕೊನೆಯ ಮಾತು ಮಾತ್ರ. ನಾನು ಅಷ್ಟನ್ನೇ ಹಿಡಿದುಕೊಂಡೆ. ಗೆರೆಗಳಿರುವ ದೊಡ್ಡ ಬಾಟಲಿ ತಂದುಕೊಟ್ಟು, ಮುಂಬಯಿಯ ಸೆಖೆಯ ಬಗ್ಗೆ ಉಪನ್ಯಾಸ ಕೊಟ್ಟೆ. “ಆಯ್ತು ಮಾವ” ಎಂದಳು ನೆಲ ನೋಡುತ್ತ. ಸಂಜೆ ಬಾಟಲಿ ಖಾಲಿ. ನಾಲ್ಕೈದು ದಿನ ನನಗೆ ಗೆದ್ದ ಸಂಭ್ರಮ. ಆಮೇಲೆ ನೋಡಿದರೆ ಬಾಲ್ಕನಿಯ ತುಳಸಿ ಬೇರು ಕೊಳೆತು ಬಾಗಿತ್ತು. ಮೂರು ಲೀಟರ್ ನೀರು ಕುಡಿಯುತ್ತಿದ್ದದ್ದು ಅದು!

ನಾನು ಅಡುಗೆಮನೆಗೆ ಹೋಗಿ ದೂರು ಕೊಟ್ಟೆ. ಈ ಹುಡುಗಿಗೆ ತನ್ನ ಆರೋಗ್ಯದ ಮೇಲೆ ಕಾಳಜಿಯೇ ಇಲ್ಲವಲ್ಲ ಎಂದೆ. ವಾರಿಜಾ ಸೌಟು ಕೆಳಗಿಟ್ಟಳು.

“ನಿಮಗೆ ಎಂತ ಹೇಳುದು! ಬೆಳಿಗ್ಗೆ ಏಳರಿಂದ ಆ ಬಾಗಿಲಿನ ಬುಡದಲ್ಲಿ ಪೇಪರ್ ಹಿಡ್ಕೊಂಡು ಕೂತ್ರೆ ಅವಳು ಒಳಗೆ ಹೋಗುದು ಹೇಗೆ? ಮೊದಲು ಫ್ಯಾನಿನ ಗಲಾಟೆಯಲ್ಲಿ ಎಂತದೂ ಕೇಳ್ತಿರ್ಲಿಲ್ಲ. ಈಗ ಮಗ್ಗು ನೆಲಕ್ಕೆ ಇಟ್ರೂ ಹಾಲಿಗೆ ಕೇಳ್ತದೆ. ಮೇಲಿಂದ ಬಾಗಿಲು ಬೇರೆ ಕೊಯ್ಸಿ ಇಟ್ಟಿದ್ದೀರಿ. ನೀವು ತರಕಾರಿಗೆ ಹೋಗುದನ್ನೇ ಕಾಯ್ತಾಳೆ ಪಾಪ.”

ಅವಳು ಅಷ್ಟಕ್ಕೇ ಬಿಡಲಿಲ್ಲ. “ಮದುವೆಯಾಗಿ ಬಂದ ಹೊಸದರಲ್ಲಿ ಕಲ್ಯಾಣದ ಚಾಳಿನ ಒಂದೇ ಕೋಣೆಯಲ್ಲಿ ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ? ಸ್ನಾನದ ಮೂಲೆಗೆ ಒಂದು ಪರದೆ, ಆಚೆ ನಿಮ್ಮ ಅಪ್ಪ. ನಲ್ಲಿ ಪೂರ್ತಿ ಬಿಟ್ಟು ಕೂತ್ಕೊಳ್ತಿದ್ದೆ. ನೀರು ಹಾಳು ಮಾಡುವವಳು ಅಂತ ನಿಮ್ಮ ಅಮ್ಮನ ಹತ್ರ ಬೈಸಿಕೊಂಡೆ, ಆದ್ರೆ ಕಾರಣ ಹೇಳ್ಲಿಲ್ಲ.”

ಆ ಬೈಗುಳ ನನಗೆ ನೆನಪಿದೆ. ನಾನೂ ಅಮ್ಮನ ಪರವಾಗಿಯೇ ಎರಡು ಮಾತು ಆಡಿದ್ದೆ. ನಾಚಿಕೆಯಾಯಿತು, ಒಂದಕ್ಕಲ್ಲ, ಎರಡಕ್ಕೂ ಸೇರಿಸಿ. ಬಾಲ್ಕನಿಗೆ ಹೋಗಿ ತುಳಸಿಯ ಕುಂಡದಲ್ಲಿ ನಿಂತಿದ್ದ ನೀರನ್ನು ಬಸಿದೆ.

ನಮ್ಮ ಹಿರಿಯರು ಇಂಥದ್ದರಲ್ಲಿ ಜಾಣರು. ಹೊರಕಡೆಗೆ ಹೋಗುವುದು ಎನ್ನುತ್ತಿದ್ದರು, ಬಹಿರ್ದೆಸೆ ಎನ್ನುತ್ತಿದ್ದರು. ಊರಿನಲ್ಲಿ ಬಚ್ಚಲು ಕೊಟ್ಟಿಗೆಯ ಆಚೆ, ಅದರಾಚೆ ಉಳಿದದ್ದು. ರಮ್ಯಾಳ ತವರಿನಲ್ಲೂ ಹಾಗೇ, ಮದುವೆ ಮಾತಿಗೆ ಹೋದಾಗ ನಾನೇ ನೋಡಿದ್ದೇನೆ. ಮಾತಿನಲ್ಲಿಯೂ ದೂರ, ಮನೆಯ ನಕ್ಷೆಯಲ್ಲಿಯೂ ದೂರ. ಪೇಟೆಗೆ ಬಂದ ಮೇಲೆ ಆ ದೂರವನ್ನು ತಂದು ಸೋಫಾದ ಪಕ್ಕದಲ್ಲಿಟ್ಟೆವು. ನಮ್ಮ ಮನೆಯಲ್ಲಿ ದೂರದ ಕೆಲಸವನ್ನು ಆ ಮುರುಕು ಫ್ಯಾನು ಒಂದೇ ಮಾಡುತ್ತಿತ್ತು. ಅದನ್ನೂ ನಾನು ಗುಜರಿಗೆ ಹಾಕಿದೆ.

ಇನ್ನೂ ಚುಚ್ಚಿದ ಸಂಗತಿ ಬೇರೆ. ನಮ್ಮ ಹೋಟೆಲಿನಲ್ಲಿ ಫ್ಯಾಮಿಲಿ ರೂಮು ಇತ್ತು, ಪರದೆ ಹಾಕಿದ್ದು. ಹೆಣ್ಣುಮಕ್ಕಳು ಕೂತಿರುವ ಕಡೆ ನುಗ್ಗಬಾರದು, ಹೊರಗೆ ನಿಂತು ಕೆಮ್ಮಿ, ಆಮೇಲೆ ಪರದೆ ಸರಿಸಬೇಕು ಎಂದು ಹೊಸ ಸಪ್ಲೈಯರಿಗೆ ಮೊದಲ ದಿನವೇ ಪಾಠ ಹೇಳುತ್ತಿದ್ದವನು ನಾನು. ಮರೆತವನಿಗೆ ಬೈಗುಳ ಖಂಡಿತ. ಪರಿಚಯವಿಲ್ಲದ ಗಿರಾಕಿಗಳಿಗೆ ಅಷ್ಟು ಮರ್ಯಾದೆ ಕೊಟ್ಟವನಿಗೆ ಮನೆಯ ಹುಡುಗಿಗೂ ಒಂದು ಪರದೆ ಬೇಕೆಂದು ಹೊಳೆಯಲಿಲ್ಲ.

ನಾಳೆಯೇ ಸದ್ದಿನ ಫ್ಯಾನು ತರುತ್ತೇನೆ ಎಂದೆ. ವಾರಿಜಾ ಹಣೆ ಚಚ್ಚಿಕೊಂಡಳು. “ಇಷ್ಟು ಊರು ಸುತ್ತಿ ತಂದದ್ದನ್ನು ತೆಗೆದ್ರೆ, ಮಾವನಿಗೆ ವಿಷಯ ಗೊತ್ತಾಗಿದೆ ಅಂತ ಅವಳಿಗೆ ತಿಳಿಯುದಿಲ್ವಾ? ಅದಕ್ಕಿಂತ ನಾಚಿಕೆ ಬೇರೆ ಉಂಟಾ?” ಅದೂ ನಿಜ. ಗೊತ್ತಾಗಿಯೂ ಗೊತ್ತಾಗದಂತೆ ಏನಾದರೂ ಮಾಡಬೇಕಿತ್ತು. ಮರುದಿನ ರಮ್ಯಾ ಎದ್ದು ಬಾತ್‌ರೂಮಿನ ಕಡೆ ಹೊರಟ ಕೂಡಲೇ ಟಿವಿಯಲ್ಲಿ ಭಜನೆ ಜೋರು ಮಾಡಿದೆ. ಹೊರಬಂದ ಕೂಡಲೇ ತಗ್ಗಿಸಿದೆ. ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ಪಕ್ಕದ ಮನೆಯವರು ನಿಮ್ಮಲ್ಲಿ ದಿನಕ್ಕೆ ಎಷ್ಟು ಪೂಜೆ ಎಂದು ಕೇಳಿದರು. ಸೊಸೆಯ ಮುಖ ಕೆಂಪಾಯಿತು. ನಾನು ಪರದೆ ಹಾಕುತ್ತಿರಲಿಲ್ಲ, ಡಂಗುರ ಹೊಡೆಯುತ್ತಿದ್ದೆ.

ಕೊನೆಗೆ ಹೊಳೆದದ್ದು ಬಹಳ ಸುಲಭದ ಉಪಾಯ. ಮನೆಯಲ್ಲಿ ತೆಗೆಯಬೇಕಾದದ್ದು ಫ್ಯಾನನ್ನಲ್ಲ, ನನ್ನನ್ನು. ಅಂದಿನಿಂದ ಬೆಳಿಗ್ಗೆ ಏಳಕ್ಕೆ ಚಹಾ ಕುಡಿದು “ಸ್ವಲ್ಪ ತಿರುಗಿ ಬರ್ತೇನೆ, ಸಕ್ಕರೆ ಕಾಯಿಲೆ ಬಾರದ ಹಾಗೆ” ಎಂದು ಹೇಳಿ ಹೊರಟೆ. ಮಧ್ಯಾಹ್ನ ಲೈಬ್ರರಿ, ಸಂಜೆ ಮತ್ತೆ ಒಂದು ಸುತ್ತು. ಕುರ್ಚಿಯನ್ನೂ ಬಾಲ್ಕನಿಗೆ ಸಾಗಿಸಿದೆ, ಓದಲು ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹದಿನೈದು ದಿನಗಳಲ್ಲಿ ರಮ್ಯಾಳ ಕಣ್ಣಿನ ಕೆಳಗಿನ ಕಪ್ಪು ಕಡಿಮೆಯಾಯಿತು. ಪಾಠ ಹೇಳುವ ದನಿ ಕೋಣೆಯ ಹೊರಗೂ ಗಟ್ಟಿಯಾಗಿ ಕೇಳತೊಡಗಿತು.

ಹೀಗೆ ಹೊರಗೆ ಹೊರಟ ಮೊದಲ ದಿನದ್ದೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಸೊಸೈಟಿಯ ಗೇಟಿನ ಬಳಿ ಬಾದಾಮಿ ಮರದ ಕೆಳಗೆ ಒಂದು ಸಿಮೆಂಟಿನ ಬೆಂಚು ಇದೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅದರ ಮೇಲೆ ನಾಲ್ಕೈದು ಮುದುಕರು ಕೂತಿರುತ್ತಾರೆ. ಕೆಲಸಕ್ಕೆ ಓಡುತ್ತಿದ್ದ ಕಾಲದಲ್ಲಿ ಅವರನ್ನು ನೋಡಿ, ಮನೆಯಲ್ಲಿ ಬೆಲೆಯಿಲ್ಲದೆ ಹೊರಬಿದ್ದವರು, ಪಾಪ ಎಂದುಕೊಳ್ಳುತ್ತಿದ್ದೆ. ಅಂದು ಎಲ್ಲಿಗೆ ಹೋಗಬೇಕೆಂದು ತೋಚದೆ ಗೇಟಿನ ಬಳಿ ನಿಂತಾಗ ಬಿ ವಿಂಗಿನ ಗೋಖಲೆ ಕರೆದರು. “ಯಾ ಶೆಟ್ಟಿ, ಬಸಾ.” ಬನ್ನಿ, ಕೂತುಕೊಳ್ಳಿ ಎಂದು. ನಾನು ಶೆಟ್ಟಿಯಲ್ಲ. ಆದರೆ ಉಡುಪಿ ಹೋಟೆಲಿನವರೆಲ್ಲ ಇಲ್ಲಿಯವರಿಗೆ ಶೆಟ್ಟಿಗಳೇ, ನಾನು ತಿದ್ದುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅಂದು ಕೂತಿದ್ದ ಐವರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿದರು. ಏಕೆ ಬಂದೆ ಎಂದು ಯಾರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗೋಖಲೆ ತಮ್ಮ ಪತ್ರಿಕೆಯಿಂದ ಕಣ್ಣೆತ್ತದೆ, ಮನೆಗೆ ಸೊಸೆ ಬಂದು ಎಷ್ಟು ದಿನವಾಯಿತು ಎಂದು ಮರಾಠಿಯಲ್ಲಿ ಕೇಳಿದರು.

“ಆಠ್ ಮಹಿನೇ” ಎಂದೆ. ಎಂಟು ತಿಂಗಳು.

ಬೆಂಚಿನ ಮೇಲಿದ್ದ ಐವರೂ ಒಮ್ಮೆ ನನ್ನನ್ನು ನೋಡಿದರು. “ಹಾಗಾದರೆ ತಡ ಮಾಡಿದಿರಿ” ಎಂದು ಅದೇ ಮರಾಠಿಯಲ್ಲಿ ಹೇಳಿ, ಗೋಖಲೆ ಪತ್ರಿಕೆಯ ನಡುವಿನ ಹಾಳೆಯೊಂದನ್ನು ಎಳೆದು ನನ್ನ ಕೈಗೆ ಕೊಟ್ಟರು.