ಟಾರ್ಚಮ್ಮ ಕೂತು ಕೇಳಿದ ಸಂಜೆ

ಸಭಾಂಗಣದ ದೀಪ ಆರಿದ ಮೇಲೆ ತಡವಾಗಿ ಬಂದವರಿಗೆ ಟಾರ್ಚು ಹಿಡಿದು, ಅವರವರ ಕುರ್ಚಿಗೆ ಮುಟ್ಟಿಸುವುದು ಅವಳ ಕೆಲಸ. ಹಾಗಾಗಿ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಎಲ್ಲರ ಬಾಯಲ್ಲೂ ಅವಳು ಟಾರ್ಚಮ್ಮ ಆಗಿಬಿಟ್ಟಿದ್ದಳು.

ಅದಕ್ಕೆ ಮೊದಲು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿದ್ದಳು. ಗುಂಡಿಗೆ ನಾಲ್ಕು ತೂತು ಸರಿಯಾಗಿ ಬಿದ್ದಿವೆಯೇ ಎಂದು ನೋಡುತ್ತ ಕೂರಬೇಕು. ಕಾರ್ಖಾನೆ ಮುಚ್ಚಿದಾಗ, ಸಭಾಂಗಣದಲ್ಲಿ ಕಸ ಗುಡಿಸುತ್ತಿದ್ದ ಸೋದರಮಾವ ಮ್ಯಾನೇಜರರ ಕೈಕಾಲು ಹಿಡಿದು ಅವಳನ್ನು ಅಲ್ಲಿಗೆ ಸೇರಿಸಿದ. ಮೊದಲ ದಿನ ವಾದಕರು ಶ್ರುತಿ ಮಾಡಿಕೊಂಡು ಸುಮ್ಮನಾದ ಕೂಡಲೇ, ಕಚೇರಿ ಮುಗಿಯಿತೆಂದು ಭಾವಿಸಿ ಎರಡೂ ಬಾಗಿಲು ತೆರೆದು ನಿಂತಿದ್ದಳು. ಇಷ್ಟು ಚುಟುಕಾದರೆ ಶಾಸ್ತ್ರೀಯ ಸಂಗೀತದಂಥ ಸುಖ ಇನ್ನೊಂದಿಲ್ಲ ಅನ್ನಿಸಿತ್ತು. ಆಮೇಲೆ ಎರಡೂವರೆ ಗಂಟೆ ನಿಂತ ಮೇಲೆ ಆ ಅಭಿಪ್ರಾಯವನ್ನು ವಾಪಸು ತೆಗೆದುಕೊಂಡಳು.

ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ಸಂಗೀತಕ್ಕಿಂತ ಕೇಳುವವರೇ ಅವಳಿಗೆ ಹೆಚ್ಚು ಪರಿಚಯ. ಮೂರನೇ ಸಾಲಿನ ಹಲ್ಲಿನ ಡಾಕ್ಟರು ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹನ್ನೊಂದನೇ ನಿಮಿಷಕ್ಕೆ ತೂಗುವುದು ನಿಲ್ಲುತ್ತಿತ್ತು, ಕಣ್ಣು ಮಾತ್ರ ಮುಚ್ಚಿದ್ದಂತೆಯೇ ಇರುತ್ತಿತ್ತು. ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ಬಿ.ಪಿ. ನೋಡುವ ಯಂತ್ರವನ್ನು ಚೀಲದಲ್ಲಿಟ್ಟುಕೊಂಡೇ ಬರುತ್ತಿದ್ದರು. ಒಳಗೆ ಹೋಗುವ ಮುಂಚೆ ಒಂದು ಸಲ, ಹೊರಗೆ ಬಂದ ಮೇಲೆ ಒಂದು ಸಲ ಬಾಗಿಲ ಹೊರಗಿದ್ದ ಟಾರ್ಚಮ್ಮನ ಸ್ಟೂಲಿನ ಮೇಲೆ ಕೂತು ತೋಳಿಗೆ ಪಟ್ಟಿ ಸುತ್ತಿಕೊಳ್ಳುವರು. ಇಳಿದಿದ್ದರೆ ಸಂಗೀತದ ಮಹಿಮೆ. ಏರಿದ್ದರೆ ಪಕ್ಕದಲ್ಲಿ ಕೂತು ಗುನುಗಿದವನ ತಪ್ಪು.

ಮನೆಗೆ ಹೋದ ಮೇಲೆ ಟಾರ್ಚಮ್ಮನಿಗೆ ಒಂದು ಚೂರು ಸದ್ದೂ ಬೇಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ನಿನ್ನ ನೌಕರಿ ಎಂದು ರೇಗಿಸುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. ಕೋಣನಿಗೆ ಕೂರಲಿಕ್ಕಾದರೂ ಜಾಗ ಇರುತ್ತೆ ಅನ್ನುತ್ತಿದ್ದಳು.

ಆದರೆ ಸೊಸೆಗೆ ಸಂಗೀತದಲ್ಲಿ ಅಪಾರ ನಂಬಿಕೆ. ಬಸುರಿಯರು ಕೇಳಿದರೆ ಮಗು ಲೆಕ್ಕದಲ್ಲಿ ಚುರುಕಾಗುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿ, ಏಳನೇ ತಿಂಗಳಿಂದ ಪ್ರತಿ ಶನಿವಾರ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಹೊಟ್ಟೆ ಸರಿಯಾಗಿ ವೇದಿಕೆಗೆ ಎದುರಾಗಿರಬೇಕೆಂದು ಎರಡು ಸಲ ಕುರ್ಚಿ ಬದಲಾಯಿಸಿದಳು. ಮೊಮ್ಮಗಳು ಹುಟ್ಟಿದಳು. ಕೊಳಲಿನ ಧ್ವನಿ ಕಿವಿಗೆ ಬಿದ್ದರೆ ಸಾಕು, ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ಮಿಕ್ಸಿ ತಿರುಗಿಸಿದರೆ ಮಾತ್ರ ತೆಪ್ಪಗೆ ಮಲಗುತ್ತಿದ್ದಳು. ಈಗ ಅವಳಿಗೆ ಎಂಟು ವರ್ಷ. ಮಗ್ಗಿ ಕೇಳಿದರೆ ಬಾಯಾರಿಕೆ ಆಗುತ್ತದೆ.

ಈ ನಡುವೆ ವಿಶ್ವವಿದ್ಯಾಲಯದಿಂದ ಕನ್ನಡಕ ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಜನ ಶಾಸ್ತ್ರೀಯ ಸಂಗೀತ ಯಾಕೆ ಕೇಳುತ್ತಾರೆ, ಅದರಿಂದ ಏನು ಲಾಭ ಎಂಬುದು ಅವಳ ಸಂಶೋಧನೆ. ಪ್ರಶ್ನೆಪತ್ರಿಕೆಗಳನ್ನು ಹಂಚಿ, ತುಂಬಿದ್ದನ್ನು ವಾಪಸು ಪಡೆಯುವ ಕೆಲಸ ಟಾರ್ಚಮ್ಮನ ಪಾಲಿಗೆ ಬಿತ್ತು. ಕೈಗೆ ಬಂದಿದ್ದನ್ನು ಓದದೆ ಇರಲಿಕ್ಕಾಗುತ್ತದೆಯೇ? ಮನಶ್ಶಾಂತಿ, ಆತ್ಮಾನಂದ, ನೆನಪಿನ ಶಕ್ತಿ ಎಂದೆಲ್ಲ ಬರೆದಿದ್ದರು. ಹಲ್ಲಿನ ಡಾಕ್ಟರು ದೊಡ್ಡ ಅಕ್ಷರಗಳಲ್ಲಿ 'ಏಕಾಗ್ರತೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಟಾರ್ಚಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಅದನ್ನು ಗಮನಿಸಿ, ನಿಮಗೇನನ್ನಿಸುತ್ತದೆ ಹೇಳಿ ಎಂದು ದುಂಬಾಲು ಬಿದ್ದಳು.

"ಕೂರೋಕೆ ಬರ್ತಾರಮ್ಮ," ಎಂದಳು ಟಾರ್ಚಮ್ಮ. "ಮನೇಲಿ ಎರಡು ಗಂಟೆ ಸುಮ್ನೆ ಕೂತ್ರೆ ಸೋಮಾರಿ ಅಂತಾರೆ. ಇಲ್ಲಿ ಕೂತ್ರೆ ರಸಿಕರು ಅಂತಾರೆ."

ಹುಡುಗಿ ಅದನ್ನು ಬರೆದುಕೊಂಡು, ಹಾಗಾದರೆ ನೀವು ಯಾಕೆ ಕೇಳುತ್ತೀರಿ ಅಂದಳು. ನಾನೆಲ್ಲಿ ಕೇಳುತ್ತೇನೆ, ನಾನು ನಿಲ್ಲುತ್ತೇನೆ ಅಷ್ಟೇ ಎಂದು ಟಾರ್ಚಮ್ಮ ಮಾತು ಮುಗಿಸಿದಳು. ಅದು ಅವಳಿಗೆ ನೂರಕ್ಕೆ ನೂರು ನಿಜವಾಗಿ ಕಂಡಿತ್ತು.

ಆಮೇಲೆ ಒಂದು ವಾರಕ್ಕೆ ಬಸ್ ಮುಷ್ಕರ ಶುರುವಾಯಿತು. ಅಂದು ಹಿರಿಯ ಪಿಟೀಲು ವಾದಕರ ಕಚೇರಿ. ಮುನ್ನೂರು ಕುರ್ಚಿಯ ಸಭಾಂಗಣಕ್ಕೆ ಬಂದವರು ಒಂಬತ್ತು ಜನ. ಅವರಲ್ಲಿ ಪತ್ರಿಕೆಗೆ ವಿಮರ್ಶೆ ಬರೆಯುವವರೊಬ್ಬರು ಮುಂದಿನ ಸಾಲಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂತಿದ್ದರು. ಖಾಲಿ ಖಾಲಿ ಕಾಣುತ್ತೆ, ನೀನೂ ಹೋಗಿ ಕೂತ್ಕೋ ಎಂದು ಮ್ಯಾನೇಜರರು ಅಂದಾಗ ಟಾರ್ಚಮ್ಮ ಹಿಂದೆ ಮುಂದೆ ನೋಡಿದಳು. ಕೊನೆಗೆ ಐದನೇ ಸಾಲಿನ ತುದಿಯ ಕುರ್ಚಿಯಲ್ಲಿ, ಬೇರೆಯವರ ಮನೆಯ ಸೋಫಾದಲ್ಲಿ ಕೂತಂತೆ, ಅರ್ಧ ಮಾತ್ರ ಕೂತಳು.

ಮೊದಮೊದಲು ಕೈ ಟಾರ್ಚಿನ ಕಡೆಗೇ ಹೋಗುತ್ತಿತ್ತು. ಕರೆದೊಯ್ಯಲು ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಬೆನ್ನು ಕುರ್ಚಿಗೆ ತಾಗಿತು. ಪಿಟೀಲಿನ ಮುದುಕರು ನಿಧಾನದ ಭಾಗಕ್ಕೆ ಬಂದಾಗ ಅವಳಿಗೊಂದು ವಿಚಿತ್ರ ಹೊಳೆಯಿತು: ಮುಂದೆ ಬರುವುದು ಏನೆಂದು ತನಗೆ ಗೊತ್ತು. ಈಗ ಮೇಲೆ ಹತ್ತುತ್ತಾರೆ, ಅಲ್ಲಿ ಒಂದು ಕ್ಷಣ ತಡೆಯುತ್ತಾರೆ, ಹೊಸಿಲು ದಾಟುವವರಂತೆ ಮೆಲ್ಲಗೆ ಇಳಿಯುತ್ತಾರೆ. ಹಾಗೆಯೇ ಆಗುತ್ತಿತ್ತು. ಮೂರನೇ ಸಲ ಇಳಿಯುವಾಗ ಮುದುಕರ ಬೆರಳು ಒಂದು ಕೂದಲೆಳೆಯಷ್ಟು ಜಾರಿತು.

"ಅಯ್ಯೋ," ಎಂದುಬಿಟ್ಟಳು ಟಾರ್ಚಮ್ಮ.

ಮೆಲ್ಲಗೇ ಅಂದದ್ದು. ಆದರೆ ಒಂಬತ್ತು ಜನರ ಸಭಾಂಗಣದಲ್ಲಿ ಮೆಲ್ಲಗೆ ಎನ್ನುವುದು ಇರುವುದಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವಳು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಲಸ ಹೋಯಿತು ಎಂದುಕೊಂಡೇ ಉಳಿದದ್ದನ್ನು ಕೇಳಿದಳು.

ಮುಗಿದ ಮೇಲೆ ಮುದುಕರು ಪಿಟೀಲಿನ ಪೆಟ್ಟಿಗೆ ಹಿಡಿದು ನೇರ ಅವಳ ಸ್ಟೂಲಿನ ಬಳಿಗೇ ಬಂದರು. "ಅಯ್ಯೋ ಅಂದಿದ್ದು ನೀವೇ ಅಲ್ವಾ?"

"ತಪ್ಪಾಯ್ತು ಸ್ವಾಮಿ. ಬಾಯಿ ತಪ್ಪಿ ಬಂತು."

"ನನ್ನದು ಕೈ ತಪ್ಪಿತು, ನಿಮ್ಮದು ಬಾಯಿ ತಪ್ಪಿತು. ಹೇಗೆ ಗೊತ್ತಾಯ್ತು ನಿಮಗೆ?"

"ಗೊತ್ತಿಲ್ಲ. ಕಾಲು ಇಟ್ಟ ಕಡೆ ಮೆಟ್ಟಿಲು ಇರ್ಲಿಲ್ಲ ಅನ್ನೋ ಹಾಗಾಯ್ತು."

ಮುದುಕರು ಬಹಳ ಹೊತ್ತು ನಕ್ಕರು. ಮುಂದಿನ ಸಾಲಿನ ವಿಮರ್ಶಕರು ಬೆರಳು ಜಾರಿದ್ದನ್ನೂ ಸೇರಿಸಿ 'ದೋಷರಹಿತ' ಎಂದು ಬರೆದುಕೊಳ್ಳುತ್ತಿದ್ದುದನ್ನು ವೇದಿಕೆಯಿಂದಲೇ ಓದಿದೆ ಎಂದರು. ಆಮೇಲೆ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಅಭ್ಯಾಸ ಮಾಡುತ್ತೇನೆ, ಬಿಡುವಿದ್ದರೆ ಬಂದು ಕೂತುಕೊಳ್ಳಿ ಎಂದು ಹೇಳಿ ಹೋದರು.

ಅವಳು ಹೋದಳು. ಅಭ್ಯಾಸ ಅವಳಿಗೆ ಕಚೇರಿಗಿಂತ ಹೆಚ್ಚು ಹಿಡಿಸಿತು. ಅಲ್ಲಿ ಚಪ್ಪಾಳೆ ಇಲ್ಲ, ತಡವಾಗಿ ಬರುವವರಿಲ್ಲ. ಮುದುಕರು ಒಂದೇ ತಿರುವನ್ನು ಹದಿನೈದು ಸಲ ನುಡಿಸಿ, ತಮ್ಮನ್ನೇ ಬೈದುಕೊಂಡು, ಮತ್ತೆ ನುಡಿಸುತ್ತಿದ್ದರು. ಅತ್ತೆಗೆ ಇದರಿಂದ ಏನೇನು ಲಾಭವಾಗುತ್ತಿದೆ ಎಂದು ಸೊಸೆ ಕುತೂಹಲದಿಂದ ಕಾದಳು. ಮೊಣಕಾಲು ನೋವು ಹಾಗೇ ಇತ್ತು. ನಿದ್ದೆ ಮೊದಲಿನಷ್ಟೇ. ಮನಶ್ಶಾಂತಿಯಂತೂ ಇದ್ದಷ್ಟೂ ಹಾಳಾಯಿತು, ಏಕೆಂದರೆ ಈಗ ಪಕ್ಕದ ಮನೆಯ ರೇಡಿಯೋದಲ್ಲಿ ಯಾರಾದರೂ ಶ್ರುತಿ ತಪ್ಪಿದರೆ ಅವಳಿಗೆ ಹಲ್ಲು ಕಡಿಯುವಂತಾಗುತ್ತಿತ್ತು.

ನಿವೃತ್ತಿಯಾಗಿ ಎರಡು ವರ್ಷವಾದರೂ ಗುರುವಾರ ತಪ್ಪಿಲ್ಲ. ಇತ್ತೀಚೆಗೆ ಮುದುಕರಿಗೂ ಅವಳಿಗೂ ವಾದ ಹತ್ತಿದೆ. ಕೊನೆಯ ಭಾಗವನ್ನು ಅವರು ಓಡಿಸುತ್ತಾರೆಂದು ಅವಳ ದೂರು. ಇದು ಹೀಗೇ ಓಡಬೇಕೆಂದು ಅವರ ಹಟ. ಹೋದ ವಾರ ಅವಳು ಸಿಟ್ಟು ಮಾಡಿಕೊಂಡು ಅರ್ಧಕ್ಕೇ ಎದ್ದು ಬಂದಳು. ಬಾಗಿಲ ಹೊರಗೆ ನಿಂತು, ಮುಗಿಯುವ ತನಕ ಕೇಳಿದಳು. ಸ್ವಲ್ಪ ನಿಧಾನ ಮಾಡಿದ್ದರು.