ಏಳು ಗೀರಿನ ರೊಟ್ಟಿ

ಜೋಳದ ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ನನಗೆ ಇಂದಿಗೂ ಹೇಸಿಗೆ ತರಿಸುವ ಆ ವರ್ಷದ ಸಂಗತಿಯೆಲ್ಲ ರೊಟ್ಟಿಯ ಈ ಒಂದು ಗುಣದಿಂದಲೇ ಆಯಿತು.

ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯಕ್ಕೆ ನಾವು ಸೇರಿ ಎರಡನೆಯ ವರ್ಷ ನಡೆದಿತ್ತು. ಹುಕ್ಕೇರಿಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿದ್ದ ನಾನು, ಶಿಕ್ಷಕಿಯರ ತರಬೇತಿಗೆ ಕರೆ ಬರುವವರೆಗೆ ಎಂದು ಗೋಕಾಕದಲ್ಲಿ ಅಣ್ಣನ ಮನೆಗೆ ಬಂದಿದ್ದೆ. ನನಗೆ ಹತ್ತೊಂಬತ್ತು. ಅಣ್ಣ ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯಲ್ಲಿ ಬೇಡವಾದ ಹಳೆಯ ಲೆಕ್ಕದ ಪುಸ್ತಕ ಒಂದನ್ನು ಅವನು ನನಗೆ ಕೊಟ್ಟಿದ್ದ. ಅದರ ಖಾಲಿ ಹಾಳೆಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ: ವಾರ, ತಾರೀಖು, ಎಷ್ಟು ಕೊಡ ನೀರು, ಎಷ್ಟು ರೊಟ್ಟಿ. ಎಣಿಸದೆ ಇದ್ದರೆ ದಿನ ಕೈಬಿಟ್ಟು ಹೋಯಿತೆಂಬ ಭಾವನೆ ನನ್ನದು.

ಅಣ್ಣನ ಒಬ್ಬಳೇ ಮಗಳಿಗೆ ಆರು ತುಂಬಿತ್ತು. ಜೂನ್‌ನಲ್ಲಿ ಶಾಲೆಗೆ ಹಾಕಬೇಕು. ಓಣಿಯ ತಿರುವಿನಲ್ಲೇ ಮುನಸಿಪಾಲ್ಟಿ ಶಾಲೆ ಇತ್ತು. ಮರದ ಆಟಿಕೆ ಮಾಡುವವರು, ಮರಾಠಿ ಸಿಂಪಿಗರು, ಮುಸಲ್ಮಾನ ನೇಕಾರರು, ಜೈನ ವ್ಯಾಪಾರಸ್ಥರು, ಆಚೆ ತುದಿಯಲ್ಲಿ ಹೊಸದಾಗಿ ಬುದ್ಧನ ಪಟ ತೂಗುಹಾಕಿದ್ದ ಎರಡು ಮನೆಗಳವರು, ಹೀಗೆ ನಮ್ಮ ಓಣಿಯ ಎಲ್ಲರ ಮಕ್ಕಳೂ ಅಲ್ಲಿಗೇ ಹೋಗುತ್ತಿದ್ದರು. ಅಣ್ಣನಿಗೆ ಅದು ಬೇಡ. "ಅಲ್ಲಿ ಎಲ್ಲಾ ಮಂದಿ ಕೂಡಿರ್ತಾರ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ದಿನಾ ಊಟಕ್ಕೆ ಮೊದಲು ಅವನು ಎಲ್ಲರೂ ಒಂದೇ ಎನ್ನುವ ಅರ್ಥದ ವಚನ ಹೇಳುತ್ತಿದ್ದ. ಉಚ್ಚಾರ ಬಹಳ ಸ್ವಚ್ಛವಾಗಿತ್ತು.

ಅವನಿಗೆ ಬೇಕಾಗಿದ್ದು ಮಠದ ಶಾಲೆ. ಬಸವಣ್ಣನ ದಾರಿಯವರು ನಡೆಸುವ ಶಾಲೆ, ಮಾಸ್ತರರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಛಾವಣಿ ಸೋರುವುದಿಲ್ಲ. ಒಂದನೆಯ ಇಯತ್ತೆಗೆ ನಲವತ್ತೇ ಜಾಗ. ಕೇಳುವವರು ನೂರಕ್ಕೂ ಮಿಕ್ಕಿ. ಅದಕ್ಕೆ ಆಡಳಿತದವರು ಒಂದು ನಿಯಮ ಮಾಡಿದ್ದರು. ಮಠದಲ್ಲಿ ಉಳಿದು ಓದುವ ಬಡ ಹುಡುಗರಿಗಾಗಿ ಪ್ರತಿ ಸೋಮವಾರ ಮನೆಮನೆಯಿಂದ ರೊಟ್ಟಿ ಹೋಗುವುದು ಹಿಂದಿನಿಂದ ಬಂದ ರೂಢಿ. ಫೆಬ್ರುವರಿ ಮೂರನೆಯ ಸೋಮವಾರದಿಂದ ಮೇ ಕಡೆಯ ಸೋಮವಾರದವರೆಗೆ ಯಾವ ಮನೆಯಿಂದ ಹೆಚ್ಚು ರೊಟ್ಟಿ ಬರುತ್ತವೋ ಆ ಮನೆಯ ಮಗುವಿಗೆ ಮೊದಲು ಜಾಗ. ಉಗ್ರಾಣದವನು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಈ ಅವಧಿಗೆ ಒಟ್ಟು ಹದಿನೈದು ಸೋಮವಾರ.

ರೊಟ್ಟಿ ಬಡಿಯುವ ಕೆಲಸ ನನ್ನದಾಯಿತು. ಸೋಮವಾರಕ್ಕೆ ಇಪ್ಪತ್ತು. ಎಷ್ಟನೆಯ ಸೋಮವಾರವೆಂದು ತಪ್ಪಬಾರದೆಂದು ಕೊನೆಯ ರೊಟ್ಟಿ ಹಸಿ ಇರುವಾಗಲೇ ಅದರ ಅಂಚಿನಲ್ಲಿ ಕಸಬರಿಗೆಯ ಕಡ್ಡಿಯಿಂದ ಅಷ್ಟು ಗೀರು ಎಳೆಯುತ್ತಿದ್ದೆ. ಮೊದಲ ವಾರ ಒಂದು, ಎರಡನೆಯ ವಾರ ಎರಡು. ಗೀರಿನ ರೊಟ್ಟಿ ಎಲ್ಲದರ ಕೆಳಗೆ, ಉಳಿದವು ಮೇಲೆ, ಬಿಳಿ ಅರಿವೆಯ ಗಂಟು.

ಪಕ್ಕದ ಮನೆಯಾಕೆ ನನಗೆ ಜೊತೆ. ಮಸಗುಪ್ಪಿ ಕಡೆಯ ಹೆಣ್ಣುಮಗಳು, ಗಂಡ ಟಾಂಗಾ ಹೊಡೆಯುತ್ತಿದ್ದ. ಅವಳ ಮಗಳೂ ನಮ್ಮವಳ ಓರಗೆಯವಳೇ. ಈ ನಿಯಮ ಬರುವ ನಾಲ್ಕು ವರ್ಷ ಮೊದಲಿನಿಂದಲೂ ಅವಳು ಮಠಕ್ಕೆ ರೊಟ್ಟಿ ಒಯ್ಯುತ್ತಿದ್ದಳು, ವಾರಕ್ಕೆ ಇಪ್ಪತ್ತೆರಡು. ಆ ನಾಲ್ಕು ವರ್ಷ ಲೆಕ್ಕಕ್ಕಿಲ್ಲ. ದಾರಿಯುದ್ದಕ್ಕೂ ಅವಳು ಕುದುರೆಯ ಸುದ್ದಿ ಹೇಳುವಳು. ಮನೆಗೆ ಬಂದು ನಮ್ಮ ಇಪ್ಪತ್ತರ ಬಾಜೂ ಅವಳ ಇಪ್ಪತ್ತೆರಡನ್ನೂ ನಾನು ಬರೆದಿಡುವೆ.

ಮೊದಲ ಸೋಮವಾರ ಉಗ್ರಾಣದಲ್ಲಿ ರೊಟ್ಟಿಯ ರಾಶಿ ಮೊಣಕಾಲಿನವರೆಗೆ ಇತ್ತು. ಏಪ್ರಿಲ್‌ನಲ್ಲಿ ನನ್ನ ಎದೆಯವರೆಗೆ ಬಂತು. ಮಠದಲ್ಲಿ ಉಣ್ಣುವ ಹುಡುಗರು ಮೂವತ್ತೊಂದು ಮಂದಿ, ನಾನೇ ಎಣಿಸಿದ್ದೆ. ದೊಡ್ಡ ಮನೆಗಳವರು ಆಳುಗಳ ತಲೆಯ ಮೇಲೆ ನೂರು, ನೂರೈವತ್ತು ಹೊರಿಸಿ ಕಳಿಸುತ್ತಿದ್ದರು. ಹಿಂದೆಂದೂ ಮಠದ ಬಾಗಿಲು ನೋಡದವರು ಹಣೆತುಂಬ ವಿಭೂತಿ ಹಚ್ಚಿಕೊಂಡು ಸಾಲಿನಲ್ಲಿ ನಿಂತು, ಹಿಂದಿನವರ ಗಂಟು ಎಷ್ಟು ದಪ್ಪವಿದೆಯೆಂದು ತಿರುಗಿ ತಿರುಗಿ ನೋಡುತ್ತಿದ್ದರು. ರಾಶಿಯ ಅಡಿಯಿಂದ ಮುಗ್ಗಲು ವಾಸನೆ. ಇಲಿಯ ಹಿಕ್ಕೆ. ಅದರ ಮೇಲೆಯೇ ಹೊಸ ರೊಟ್ಟಿ ಬೀಳುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿ ಗಂಟು ಬಿಚ್ಚುತ್ತಿದ್ದೆ. ಆದರೂ ಮರುವಾರ ಇಪ್ಪತ್ತು ಬಡಿಯುತ್ತಿದ್ದೆ.

ಮೇ ಮೊದಲ ವಾರ ತರಬೇತಿಯ ಅರ್ಜಿಗಾಗಿ ಹುಕ್ಕೇರಿಗೆ ಹೋಗಿ ಭಾನುವಾರ ಸಂಜೆ ತಿರುಗಿ ಬಂದೆ. ಬೆಳಗಾದರೆ ಹದಿಮೂರನೆಯ ಸೋಮವಾರ. ರೊಟ್ಟಿ ಆಗಲೇ ಸಿದ್ಧವಾಗಿ ಬುಟ್ಟಿಯಲ್ಲಿದ್ದವು. ಅಣ್ಣನ ಹೆಂಡತಿ, ನನ್ನ ವೈನಿ, ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ಮುಂಜಾನೆ ಅರಿವೆ ಹಾಸಿ ಒಂದೊಂದಾಗಿ ಎಣಿಸಿ ಇಡುವಾಗ ಹನ್ನೊಂದನೆಯದರ ಅಂಚಿನಲ್ಲಿ ಗೀರು ಕಂಡವು. ಏಳು. ನಾನೇ ಎಳೆದವು. ಐದು ಗೀರಾದ ಮೇಲೆ ತುಸು ಜಾಗ ಬಿಟ್ಟು ಎರಡು ಎಳೆಯುವುದು ನನ್ನ ಪದ್ಧತಿ. ಮಾರ್ಚ್ ಕಡೆಯ ಸೋಮವಾರ ನಾನು ಮಠದಲ್ಲಿ ಕೊಟ್ಟು ಕೈಮುಗಿದು ಬಂದ ರೊಟ್ಟಿ ನಮ್ಮ ಬುಟ್ಟಿಯಲ್ಲಿತ್ತು.

ವೈನಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ನೀ ಇರ್ಲಿಲ್ಲ, ನನಗ ನಡಾ ಹಿಡದಿತ್ತು. ಪ್ಯಾಟ್ಯಾಗ ತಂದೆ. ಅವರಿಗೆ ಬೇಕಾದ್ದು ಎಣಕಿ ತಂಗಿ, ರುಚಿ ಅಲ್ಲ."

ಪೇಟೆಯಲ್ಲಿ ರೊಟ್ಟಿ ಮಾರುವ ಮುದುಕಿಯ ಹತ್ತಿರ ಹೋದೆ. ಬೇಸ್ತವಾರಕ್ಕೊಮ್ಮೆ ಉಗ್ರಾಣದ ಹಿಂದಿನ ಬಾಗಿಲಿನಿಂದ ಬರುತ್ತವೆಂದು ಅವಳು ಯಾವ ಸಂಕೋಚವೂ ಇಲ್ಲದೆ ಹೇಳಿದಳು. "ಇಷ್ಟು ಬಡದ್ರ ಕೈ ಉಳೀತಾವೇನ್ರಿ ನನಗ?" ಎಂದು ಮೆತ್ತನೆಯ ಅಂಗೈ ಚಾಚಿ ತೋರಿಸಿದಳು. ಕೊಳ್ಳುವವರು ಯಾರೆಂದು ಕೇಳಿದ್ದಕ್ಕೆ ನಕ್ಕಳು. "ಮತ್ತ್ಯಾರ್ರಿ, ಮಠಕ್ಕ ಕೊಡಾವ್ರ ಒಯ್ತಾರ."

ಸಂಜೆ ಅಣ್ಣನಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಂದೇ ರೊಟ್ಟಿಗೆ ಎರಡು ಸಲ ಪುಣ್ಯ ಬಂತಲ್ಲ, ಅದರಲ್ಲಿ ತಪ್ಪೇನೆಂದ. ಆ ಹೊತ್ತಿಗೆ ಹತ್ತೊಂಬತ್ತು ಪೇಟೆಯ ರೊಟ್ಟಿಗಳನ್ನೂ ನಾನು ಬಡಿದ ಒಂದನ್ನೂ ಸೇರಿಸಿ ಮಠಕ್ಕೆ ಕೊಟ್ಟು ಬಂದಾಗಿತ್ತು. ಗೀರಿನದನ್ನು ಮಾತ್ರ ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಜೂನ್ ಮೊದಲ ವಾರ ಶಾಲೆಯಲ್ಲಿ ಹೆಸರು ಹಚ್ಚುವ ದಿನ. ಅಣ್ಣನಿಗೆ ಅಂಗಡಿ ಬಿಡುವಂತಿರಲಿಲ್ಲ, ವೈನಿ ಗಂಡಸರ ಮುಂದೆ ಮಾತಾಡುವುದಿಲ್ಲ. ಮಗುವನ್ನು ಕರೆದುಕೊಂಡು ನಾನೇ ಹೋದೆ. ಕೈಚೀಲದಲ್ಲಿ ಆ ರೊಟ್ಟಿಯೂ ಇತ್ತು. ಮೇಜಿನ ಹಿಂದೆ ಆಡಳಿತದ ಯಜಮಾನರು, ಅವರ ಬಾಜೂ ಉಗ್ರಾಣದವನು. ಯಾದಿಯ ಮೇಲೆ ಬೆರಳಿಟ್ಟು ಅವರು, ನಿಮ್ಮದು ಮುನ್ನೂರು ರೊಟ್ಟಿ, ನಲವತ್ತಮೂರನೇ ನಂಬರು, ಮುಂದಿನ ವರ್ಷ ನೋಡೋಣ ಎಂದರು. ಅವರ ಬೆರಳಿಗಿಂತ ಮೇಲೆ ನಲವತ್ತನೆಯ ಸಾಲು ಕಾಣುತ್ತಿತ್ತು. ಪಕ್ಕದ ಮನೆಯಾಕೆಯ ಮಗಳು, ಮುನ್ನೂರ ಮೂವತ್ತು.

ನಾನು ರೊಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಅದು ಯಾವ ಸೋಮವಾರ ಅವರ ಉಗ್ರಾಣಕ್ಕೆ ಬಂತು, ಯಾವ ಸೋಮವಾರ ಪೇಟೆ ಸುತ್ತಿ ನಮ್ಮ ಮನೆಗೆ ಬಂತು, ಗೀರು ತೋರಿಸಿ ಹೇಳಿದೆ. ಸತ್ಯಕ್ಕಾಗಿ ಹೇಳಿದೆನೆಂದು ಆಮೇಲೆ ಎಷ್ಟೋ ವರ್ಷ ಅಂದುಕೊಂಡಿದ್ದೆ. ಆದರೆ ಆ ದಿನದ ಪುಟದಲ್ಲಿ ನಾನೇ ಬರೆದಿದ್ದೇನೆ: ನಲವತ್ತಮೂರು ಎಂದದ್ದಕ್ಕೆ ಸಿಟ್ಟು ಬಂದು ತೆಗೆದೆ.

ಯಜಮಾನರು ಉಗ್ರಾಣದವನ ಕಡೆ ನೋಡಲಿಲ್ಲ. ಬಾಗಿಲು ಎಳೆದು ಮುಂದೆ ಮಾಡೆಂದು ಅವನನ್ನು ಹೊರಗೆ ಕಳಿಸಿದರು. ರೊಟ್ಟಿಯನ್ನು ಹಣೆಗೆ ಒತ್ತಿಕೊಂಡು, ಗೀರಿದ್ದ ಅಂಚನ್ನೇ ಮುರಿದು ಬಾಯಿಗೆ ಹಾಕಿಕೊಂಡರು. ಎರಡು ತಿಂಗಳ ಮೇಲಿನ ರೊಟ್ಟಿ. ಅವರ ಹಲ್ಲಿನಲ್ಲಿ ಅದು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಗಡ್ಡದಲ್ಲಿ ಒಂದು ಚೂರು ನಿಂತಿತ್ತು.

"ಪ್ರಸಾದ ಎಲ್ಲಿ ತಿರಗಿದ್ರೂ ಪ್ರಸಾದನ ತಂಗಿ" ಎಂದರು.

ನುಂಗಿದ ಮೇಲೆ ಲೇಖನಿ ಅದ್ದಿ ನಲವತ್ತನೆಯ ಹೆಸರಿನ ಮೇಲೆ ಗೆರೆ ಎಳೆದು ನಮ್ಮ ಮಗುವಿನ ಹೆಸರು ಬರೆದರು. ಮಸಿ ಆರಲೆಂದು ಊದಿದರು. ಉಳಿದ ರೊಟ್ಟಿಯನ್ನು ಮೇಜಿನ ಖಾನೆಯೊಳಗೆ ಸರಿಸಿ ನನ್ನ ಕಡೆ ನೋಡಿದರು.

"ಮತ್ತೇನರ ತಂದೀರೇನ್ರಿ?"

"ಇಲ್ರಿ" ಎಂದೆ.

ಬರುವಾಗ ದಾರಿಯಲ್ಲಿ ಮಗು, ಅವರಿಗೆ ಹಸಿವೆಯಾಗಿತ್ತೇನೆಂದು ಕೇಳಿತು. ಹೌದೆಂದೆ. ಮನೆಯಲ್ಲಿ ವೈನಿ ಬೆಲ್ಲ ಹಂಚಿದಳು. ನನ್ನ ಜಾಣತನವನ್ನು ಅಣ್ಣ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದ. ಆ ಬೆಲ್ಲ ನಾನೂ ತಿಂದೆ.

ಮರುದಿನ ಶಾಲೆಯ ಹಲಗೆಗೆ ಯಾದಿ ಅಂಟಿಸಿದರು. ಟಾಂಗಾದವನ ಮಗಳು ಮುನಸಿಪಾಲ್ಟಿ ಶಾಲೆಗೆ ಹೋದಳು.

ಅದರ ಮುಂದಿನ ಸೋಮವಾರ ನಾನು ಎದ್ದಾಗ ಒಲೆಯ ಮೇಲೆ ಹಂಚು ಇರಲಿಲ್ಲ. ಇನ್ನು ಯಾಕೆ ಎಂದಳು ವೈನಿ. ಹೊಸ್ತಿಲ ಹೊರಗೆ ಪಕ್ಕದ ಮನೆಯಾಕೆ ಎಂದಿನಂತೆ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ನಾನು ಬರುವುದಿಲ್ಲವೆಂದೆ. ಅವಳು ಹೋಗಲಿಲ್ಲ. ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಎಣಕಿ ಎಲ್ಲ್ಯರ ತಪ್ಪೇತೇನ ಅಂತ ಇವರು ಅಂತಾರ. ನಾ ಅಂದೆ, ನಮ್ಮ ತಂಗಿ ಬರದ ಇಟ್ಟಿರ್ತಾಳ, ಆಕಿನ್ನ ಕೇಳ್ತೀನಿ ಅಂತ. ಒಂದೀಟ ನೋಡಿ ಹೇಳವಾ."

ಒಳಗೆ ಹೋಗಿ ಪುಸ್ತಕ ತೆರೆದೆ. ನೋಡಬೇಕಾಗಿರಲಿಲ್ಲ, ಆದರೂ ತೆರೆದೆ. ಹದಿನೈದು ಸೋಮವಾರ, ಹದಿನೈದು ಇಪ್ಪತ್ತೆರಡು. ಒಂದು ಸೋಮವಾರ ಅವಳು ಬಂದಿಲ್ಲವೆಂದರೆ ಮುನ್ನೂರ ಎಂಟು ಉಳಿಯುತ್ತದೆ, ನಮ್ಮ ಮುನ್ನೂರಕ್ಕಿಂತ ಹೆಚ್ಚು. ಎರಡು ಬಿಟ್ಟಳೆಂದರೆ ಇನ್ನೂರ ಎಂಬತ್ತಾರು.

ಹೊರಗೆ ಬಂದು, "ಎರಡು ಸೋಮವಾರ ತಪ್ಪಿಸೀರಿ ಅಕ್ಕಾ" ಎಂದೆ.

ಅವಳು ಬೆರಳು ಮಡಚಿ ವಾರ ಎಣಿಸಿದಳು. ಕುದುರೆಗೆ ಬೇನೆಯಾಗಿತ್ತಲ್ಲ, ಆಗ ಇರಬೇಕು, ನನಗೇ ನೆನಪಿಲ್ಲ ನೋಡು ಎಂದಳು. ತಪ್ಪು ತನ್ನದೇ ಎಂದು ಗೊತ್ತಾದದ್ದಕ್ಕೆ ಅವಳ ಮುಖ ಹಗುರಾಯಿತು. ಗಂಟನ್ನು ತಲೆಯ ಮೇಲೆ ಏರಿಸಿಕೊಂಡು ಮಠದ ದಾರಿ ಹಿಡಿದಳು. ಬೇಸ್ತವಾರದ ಹೊತ್ತಿಗೆ ಅವು ಪೇಟೆಯಲ್ಲಿ ಇರುತ್ತವೆಂದು ಕೂಗಿ ಹೇಳಬಹುದಿತ್ತು. ನಾನು ಬಾಗಿಲು ಮುಂದೆ ಮಾಡಿದೆ.